ಪುತ್ತಿಗೆ ಗೋದಾಮಿನ ತಲಾ ಲೆಕ್ಕ

ಅಬ್ದುಲ್ ನಾಸಿರರ ಕಷ್ಟ ಶುರುವಾದದ್ದು ಒಂದು ಭಾಗಾಕಾರದಿಂದ. ೨೦೦೭ರ ಮಾತು. ಅವರು ಕೆಲಸಕ್ಕಿದ್ದ ಗೇರುಬೀಜದ ಕಂಪೆನಿಯ ಮಾಲು ಹಡಗು ಹತ್ತಿ ಹಾಲೆಂಡಿಗೆ ಹೋಗುತ್ತಿತ್ತು. ಅಲ್ಲಿನವರಿಗೆ ಇದ್ದಕ್ಕಿದ್ದಂತೆ ಭೂಮಿ ಬಿಸಿಯಾಗುವ ಚಿಂತೆ ಹತ್ತಿತು. ನಿಮ್ಮ ಒಂದೊಂದು ಕಟ್ಟಡ ಎಷ್ಟು ಕರೆಂಟು ಬಳಸುತ್ತದೆ, ಅದರಿಂದ ಎಷ್ಟು ಹೊಗೆ, ವರದಿ ಕೊಡಿ ಎಂದರು. ಬಿ.ಸಿ.ರೋಡಿನ ಹೆಡ್ಡಾಫೀಸಿನವರು ಪ್ರತಿ ಕಟ್ಟಡದ ಯೂನಿಟ್ಟನ್ನು ಅಲ್ಲಿ ದುಡಿಯುವವರ ಸಂಖ್ಯೆಯಿಂದ ಭಾಗಿಸಿ, ತಲಾ ಲೆಕ್ಕದ ಪಟ್ಟಿ ಮಾಡಿದರು. ಇನ್ನೂರು ಹೆಂಗಸರು ಬೀಜ ಸುಲಿಯುವ ಬಂಟ್ವಾಳದ ಕಾರ್ಖಾನೆ ಪಟ್ಟಿಯ ಅಡಿಯಲ್ಲಿ ಸಜ್ಜನನಂತೆ ಕೂತಿತ್ತು. ನೆತ್ತಿಯ ಮೇಲೆ, ಕೆಂಪು ಶಾಯಿಯಲ್ಲಿ, ಪುತ್ತಿಗೆಯ ಗೋದಾಮು.

ಆ ಗೋದಾಮಿನಲ್ಲಿ ಇದ್ದ ತಲೆ ಒಂದೇ, ನಾಸಿರರದು. ತಿರುಳಿನ ಡಬ್ಬಗಳಿಗೆ ತೇವ ತಗಲದಂತೆ ನಾಲ್ಕು ದೊಡ್ಡ ಫ್ಯಾನುಗಳು ದಿನವಿಡೀ ತಿರುಗುತ್ತಿದ್ದವು. ಆ ಗಾಳಿಯೆಲ್ಲ ಇವರ ಒಂದು ತಲೆಯ ಮೇಲೆ ಬಂದಿತ್ತು.

ಹೆಂಡತಿ ಜುಲೈಕಾ ತೀರಿಕೊಂಡು ಆರು ವರ್ಷ. ಮಕ್ಕಳಿಲ್ಲ. ಎಷ್ಟೋ ದಿನ ಅವರ ಬಾಯಿಂದ ಮೊದಲ ಮಾತು ಹೊರಡುತ್ತಿದ್ದುದೇ ಹನ್ನೊಂದು ಗಂಟೆಗೆ, ಪಕ್ಕದ ಚನಿಯಪ್ಪನ ಹೋಟೆಲಿನಲ್ಲಿ ‘ಒಂದು ಚಾ’ ಎಂದು. ಗೋದಾಮಿಗೆ ಇನ್ನೊಬ್ಬರನ್ನು ಕೊಡಿ ಎಂದು ಹೆಡ್ಡಾಫೀಸಿಗೆ ಮೂರು ಅರ್ಜಿ ಹಾಕಿದ್ದರು. ಕೆಲಸದ ಒತ್ತಡ ಎಂದು ಬರೆದದ್ದು ಬರೀ ನೆಪ. ಅವರಿಗೆ ಬೇಕಾಗಿದ್ದದ್ದು ಮಾತಿಗೆ ಒಂದು ಜನ.

ಪಟ್ಟಿ ಬೆಳಗ್ಗಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ ಬಂತು. ಮಧ್ಯಾಹ್ನ ಧನರಾಜ್ ಎಂಬ ಅಧಿಕಾರಿ ಪರಿಶೀಲನೆಗೆ ಬರುತ್ತಾರೆ ಎಂದು ಕೆಳಗೆ ಬರೆದಿತ್ತು. ನಾಸಿರ್ ಅದನ್ನು ಹಿಡಿದುಕೊಂಡು ಹೋಟೆಲಿಗೆ ಓಡಿದರು.

“ಕರೆಂಟಿಗೆ ಹೊಗೆ ಬರ್ತದಾ ನಾಸಿರಾಕ?” ಎಂದ ಚನಿಯಪ್ಪ.

“ಉರಿಸುವಲ್ಲಿ ಅಲ್ಲವಂತೆ, ತಯಾರು ಮಾಡುವಲ್ಲಿ ಬರ್ತದಂತೆ. ಈ ಕೆಂಪು ಶಾಯಿ ನೋಡಿದ ಮೇಲೆ ನನ್ನ ಅರ್ಜಿ ಯಾರು ಓದ್ತಾರೆ ಚನಿಯಣ್ಣ?”

“ಫ್ಯಾನ್ ನಿಲ್ಲಿಸಿ.”

“ಬೀಜಕ್ಕೆ ತೇವ ತಾಗಿ ಬೂಷ್ಟು ಬರ್ತದೆ.”

“ಹಾಗಾದ್ರೆ ತಲೆ ಜಾಸ್ತಿ ಮಾಡುವ. ಒಂದು ದೋಸೆಯನ್ನು ಹನ್ನೆರಡು ಜನ ಹಂಚಿದ್ರೆ ಯಾರು ಹೊಟ್ಟೆಬಾಕ ಅಂತ ಹೇಳ್ತಾರೆ? ಕಂಟ್ರಾಕ್ಟಿನ ಜನ ಅಂತ ಬರೀರಿ. ಅವರ ಹೆಸರು ಹೆಡ್ಡಾಫೀಸಲ್ಲಿ ಇರುವುದಿಲ್ಲ.”

ಎರಡು ಗಂಟೆಯೊಳಗೆ ಚನಿಯಪ್ಪನೂ ಸೇರಿ ಹನ್ನೊಂದು ಮಂದಿ ಜಮಾಯಿಸಿದರು. ನಾಸಿರ್ ಹೊಸ ಹಾಜರಿ ಪುಸ್ತಕ ತೆರೆದರು. ಎದುರು ಅಂಗಡಿಯ ಟೈಲರ್ ವಾರಿಜಾಕ್ಷಿ ಪ್ಯಾಕಿಂಗ್ ವಿಭಾಗ. ಹಿಂದಿನ ಮನೆಯ ಜೈನಬಮ್ಮ ಗುಣಮಟ್ಟ ಪರೀಕ್ಷೆ. ಜೈನಬಮ್ಮ ಆಗಲೇ ಒಂದು ಹಿಡಿ ತಿರುಳನ್ನು ಪರೀಕ್ಷಿಸಿ ನುಂಗಿಯಾಗಿತ್ತು. ಎಲ್ಲರ ಹೆಸರಿನ ಕೆಳಗೆ ‘ದೃಢೀಕರಿಸಿದ್ದೇನೆ’ ಎಂದು ಬರೆದು ನಾಸಿರ್ ಸಹಿ ಹಾಕಿದರು.

ಅಷ್ಟರಲ್ಲಿ ಮೀಟರಿನ ಚಕ್ರ ಬುಗುರಿಯಂತೆ ತಿರುಗತೊಡಗಿತು. ಓಡಿ ಹೋಗಿ ನೋಡಿದರೆ, ವಾರಿಜಾಕ್ಷಿ ಡಬ್ಬಗಳ ಹಿಂದೆ ಕರೆಂಟಿನ ಇಸ್ತ್ರಿಪೆಟ್ಟಿಗೆ ಸಿಕ್ಕಿಸಿಕೊಂಡು ಕೂತಿದ್ದಳು.

“ಸುಮ್ಮನೆ ಕೂತ್ರೆ ನನಗೆ ನಿದ್ದೆ ಬರ್ತದೆ ನಾಸಿರಾಕ. ನಾಲ್ಕು ಬ್ಲೌಸ್ ಉಂಟು, ಅಷ್ಟೇ.”

ಇಸ್ತ್ರಿಪೆಟ್ಟಿಗೆ ಕಿತ್ತಿಟ್ಟು ಬಂದ ನಾಸಿರರನ್ನು ನೋಡಿ ಜೈನಬಮ್ಮ, “ನಿಮ್ಮ ಊಟ ಆಯ್ತಾ?” ಎಂದು ಕೇಳಿದರು. ಆರು ವರ್ಷದಲ್ಲಿ ಆ ಕಟ್ಟಡದೊಳಗೆ ಯಾರೂ ಕೇಳದಿದ್ದ ಪ್ರಶ್ನೆ. ನಾಸಿರ್ ಆಯ್ತು ಎಂದು ತಲೆಯಾಡಿಸಿದರು, ಆಗಿರಲಿಲ್ಲ.

ಮೂರು ಗಂಟೆಗೆ ಜೀಪು ಬಂತು. ಧನರಾಜ್ ಒಳಗೆ ಬಂದು ಬೆರಳು ಮಡಚಿ ತಲೆ ಎಣಿಸಿದರು. ಹನ್ನೆರಡು.

“ನೀವು ಇಲ್ಲಿ ಎಷ್ಟು ಸಮಯದಿಂದ ಇದ್ದೀರಿ?” ಎಂದು ಜೈನಬಮ್ಮನನ್ನು ಕೇಳಿದರು.

“ಹುಟ್ಟಿದ ಲಾಗಾಯ್ತು ಇಲ್ಲೇ ಅಲ್ವಾ ಮಗಾ.”

ಧನರಾಜ್ ‘ಅನುಭವಿಗಳು’ ಎಂದು ಬರೆದುಕೊಂಡರು. ಮೀಟರ್ ನೋಡಿ, ಕ್ಯಾಲ್ಕುಲೇಟರ್ ಒತ್ತಿ, ನಾಸಿರರ ಕೈ ಕುಲುಕಿದರು. “ಹೆಡ್ಡಾಫೀಸಿಗೆ ತಪ್ಪು ಮಾಹಿತಿ ಇತ್ತು. ನಿಮ್ಮದು ಒಳ್ಳೆಯ ಕಟ್ಟಡಗಳ ಸಾಲಿಗೆ ಬಂತು.”

ಇದೇ ಸರಿಯಾದ ಗಳಿಗೆ ಎನಿಸಿತು ನಾಸಿರರಿಗೆ. ಜೇಬಿನಿಂದ ನಾಲ್ಕನೆಯ ಅರ್ಜಿ ತೆಗೆದು ಕೊಟ್ಟರು.

ಓದಿ ಧನರಾಜ್ ನಕ್ಕರು. “ಹನ್ನೆರಡು ಜನ ಇರುವಾಗ ಇನ್ನೊಬ್ಬರು ಯಾಕೆ ನಾಸಿರ್‌ರೇ? ನಿಮ್ಮ ತಲಾ ಲೆಕ್ಕ ಮೇಲೆ ಹೋದದ್ದು ನೋಡಿ, ಇಲ್ಲಿಗೆ ಒಬ್ಬರನ್ನು ಹಾಕುವ ಅಂತ ತೀರ್ಮಾನ ಆಗಿತ್ತು. ರೆಕಾರ್ಡ್ ರೂಮಿನ ಉಸ್ಮಾನ್‌ರನ್ನು ಪೆಟ್ಟಿಗೆ ಸಮೇತ ಕರ್ಕೊಂಡೇ ಬಂದಿದ್ದೇನೆ. ಇನ್ನು ವಾಪಸ್ ಕರ್ಕೊಂಡು ಹೋಗ್ತೇನೆ.”

ನಾಸಿರ್ ನಿಜ ಹೇಳಲು ಬಾಯಿ ತೆರೆದರು. ಅವರ ಸಹಿಯಿದ್ದ ಹಾಜರಿ ಪುಸ್ತಕ ಧನರಾಜರ ಕಂಕುಳಲ್ಲಿತ್ತು. ಬಾಯಿ ಮುಚ್ಚಿಕೊಂಡು ಜೀಪಿನವರೆಗೆ ಹಿಂಬಾಲಿಸಿದರು.

ಜೀಪಿನ ಹಿಂದಿನ ಸೀಟಿನಲ್ಲಿ ಅವರದೇ ವಯಸ್ಸಿನ ಉಸ್ಮಾನ್, ಮಡಿಲಲ್ಲಿ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದರು. ಗೋದಾಮಿನ ಬಾಗಿಲಲ್ಲಿ ಗುಂಪುಗೂಡಿದ್ದ ಜನರನ್ನು ಆಸೆಯಿಂದ ನೋಡುತ್ತಿದ್ದರು.

“ನೀವು ಪುಣ್ಯ ಮಾಡಿದ್ದೀರಿ,” ಎಂದರು. “ಅಲ್ಲಿ ಆ ರೂಮಲ್ಲಿ ನಾನೊಬ್ಬನೇ. ಮಾತಾಡ್ಲಿಕ್ಕೆ ಒಂದು ನರಪಿಳ್ಳೆ ಇಲ್ಲ.”

ಜೀಪು ಹೋಯಿತು. ಸಿಬ್ಬಂದಿ ಒಬ್ಬೊಬ್ಬರಾಗಿ ಮನೆಗೆ ಹೊರಟರು, ಜೈನಬಮ್ಮ ಇನ್ನೊಂದು ಹಿಡಿ ಪರೀಕ್ಷಿಸಿದ ಮೇಲೆ.

“ಗೆದ್ದೆವಲ್ಲ ನಾಸಿರಾಕ,” ಎಂದು ಚನಿಯಪ್ಪ ಬೆನ್ನು ತಟ್ಟಿದ.

“ಗೆದ್ದೆವು,” ಎಂದರು ನಾಸಿರ್. ಅವನೂ ಹೋಟೆಲಿಗೆ ಹೋದ ಮೇಲೆ, ಇನ್ನೊಮ್ಮೆ, ಯಾರಿಗೂ ಅಲ್ಲದೆ, “ಗೆದ್ದೆವು” ಎಂದರು.