ಸರ್ವರ್ ಪೆಟ್ಟಿಗೆಗೆ ಇಟ್ಟ ಕುಂಕುಮ

ನಮ್ಮ ಮನೆಯಲ್ಲಿ ದೇವರಿಗಿಂತ ಹೆಚ್ಚು ಸಲ ಕರೆಸಿಕೊಳ್ಳುವವಳು ನಾನು. ಇದು ಅಹಂಕಾರದ ಮಾತಲ್ಲ, ಸಂಕಟ! ಒಗ್ಗರಣೆಗೆ ಸಾಸಿವೆ ಹಾಕುವ ಹೊತ್ತಿಗೆ ಸರಿಯಾಗಿ ಒಳಗಿನಿಂದ ಕೂಗು: "ಅತ್ತಿಗೇ, ಇದ್ದೀರಾ?"

"ಇದ್ದೀನಪ್ಪಾ."

ಅಷ್ಟೇ. ಏನೂ ಬೇಡ. ಸ್ವಲ್ಪ ಹೊತ್ತಿಗೆ ಮತ್ತೆ, "ಇದ್ದೀರಾ?" ಹೊಸೂರು ಅವಲಪಲ್ಲಿಯ ಈ ಮನೆ ಬಿಟ್ಟು ನಾನು ಎಲ್ಲಿಗೆ ಹೋದೇನು?

ಕೂಗುವವನು ನನ್ನ ಮೈದುನ. ಕಾರ್ಖಾನೆಯ ಕೆಲಸ ಬಿಟ್ಟು ಮನೆಯಲ್ಲೇ ಕೂತು ಒಂದು ಸರ್ವರ್ ಕಟ್ಟುತ್ತಿದ್ದ. ಹಲವರು ಹಲವು ಕಡೆ ಕೂತು ಒಂದೇ ಹಾಳೆಯಲ್ಲಿ ಒಟ್ಟಿಗೆ ಬರೆಯಬಹುದಂತೆ. ಒಬ್ಬರು ಒತ್ತಿದ ಅಕ್ಷರ ಆ ಕ್ಷಣವೇ ಎಲ್ಲರ ಕಣ್ಣಿಗೂ ಬೀಳುತ್ತದಂತೆ. ಅದಕ್ಕೆ ವೆಬ್ ಸಾಕೆಟ್ ಎಂಬುದು ಬೇಕಂತೆ.

"ಮಾಮೂಲಿ ಇಂಟರ್ನೆಟ್ಟು ಬಾಗ್ಲು ತಟ್ಟಿ, ಕೇಳಿದ್ದು ಇಸ್ಕೊಂಡು, ಬಾಗ್ಲು ಹಾಕ್ಕೊಂಡು ಹೋಗ್ಬುಡ್ತದೆ ಅತ್ತಿಗೆ. ಇದು ಬಾಗ್ಲು ತೆಗೆದಿಟ್ಕೊಂಡೇ ಮಾತಾಡೋದು."

"ತೆಗೆದಿಟ್ರೆ ಬೆಕ್ಕು ನುಗ್ಗಲ್ವೇನಪ್ಪಾ?"

"ಅದಕ್ಕೇ ಆಗಾಗ ಇದ್ದೀರಾ ಅಂತ ಕೇಳ್ತಿರ್ಬೇಕು. ಇದ್ದೀನಿ ಅಂದ್ರೆ ಆ ಕಡೆ ಜನ ಅವ್ರೆ ಅಂತ."

ಸರ್ವರಿಗೆ ಕಲಿಸಿದ ಪಾಠ ಅವನ ಬಾಯಿಗೇ ಅಂಟಿಬಿಟ್ಟಿತ್ತು, ನೋಡಿ!

ಪರೀಕ್ಷೆಗೆಂದು 'ಮನೆ ಹಾಳೆ' ಮಾಡಿ ನಮ್ಮೆಲ್ಲರ ಫೋನಿಗೂ ಹಾಕಿದ. ಗಂಟಲಿನ ಆಪರೇಷನ್ ಆಗಿ ದನಿ ಕಳೆದುಕೊಂಡಿದ್ದ ನಮ್ಮ ಅತ್ತೆಗೂ ಒಂದು ಫೋನು. ಮೊದಲ ದಿನ ನಾನೂ ನನ್ನ ಯಜಮಾನರೂ ಒಂದೇ ಸಾಲಿನಲ್ಲಿ ಬರೆದೆವು. ನಾನು ಶ್ರೀರಾಮ ಎಂದೆ, ಅವರು ಉಪ್ಪಿಟ್ಟು ಎಂದರು. ಹಾಳೆಯಲ್ಲಿ ಮೂಡಿದ್ದು 'ಶ್ರೀಉರಾಪ್ಪಿಮಟ್ಟು'!

"ಲೇ, ಇದನ್ನ ಯಾರ್ಲಾ ತಿಂತಾರೆ?" ಎಂದರು ಯಜಮಾನರು. ಅತ್ತೆ ಸದ್ದಿಲ್ಲದೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗುವನ್ನಾದರೂ ಉಳಿಸಿಕೊಟ್ಟನಲ್ಲ ಭಗವಂತ ಎಂದು ಕೈಮುಗಿದೆ.

ನಗುವುದೇನೋ ನಕ್ಕೆವು, ಒಳಗೊಳಗೆ ನನಗೆ ಪುಕುಪುಕು. ಮೂಕಂಡಪಲ್ಲಿಯ ಒಂದು ಸಣ್ಣ ಕಂಪನಿಯವರು, ಒಂದು ವಾರ ಬಳಸಿ ನೋಡಿ ಚೆನ್ನಾಗಿದ್ದರೆ ತಗೊಳ್ತೀವಿ ಎಂದಿದ್ದರು. ನಡುವೆ ನಿಂತರೆ ಮುಗಿಯಿತು, ಹಳೆಯ ಕೆಲಸಕ್ಕೆ ವಾಪಸ್ಸು. ಆ ವಾರ ಅವನು ಅನ್ನಕ್ಕೆ ಸಾರು ಹಾಕಿಕೊಳ್ಳುವುದನ್ನೇ ಮರೆತು ಬರೀ ಅನ್ನ ಉಣ್ಣುತ್ತಿದ್ದ. ಸಾರು ಎಲ್ಲಿ ಎಂದು ಕೇಳಲೂ ಇಲ್ಲ! ಸರ್ವರ್ ಪೆಟ್ಟಿಗೆ ಕೂತಿದ್ದದ್ದು ದೇವರ ಕೋಣೆಯಲ್ಲಿ, ಕರೆಂಟು ಹೋದರೂ ಆರದ ಪ್ಲಗ್ ಅಲ್ಲಿದ್ದುದರಿಂದ. ನಂದಾದೀಪದ ಪಕ್ಕ ಅದರ ಹಸಿರು ದೀಪ. ಎರಡಕ್ಕೂ ನಾನೇ ಕಾವಲು.

ಆ ವಾರದಲ್ಲೇ ಬಂತು ಆಯುಧ ಪೂಜೆ.

ಹೊಸೂರಿನಲ್ಲಿ ಆವತ್ತು ಲೇತ್ ಮಿಷನ್ನಿಗೂ ಹೂವು, ಆಟೋಗೂ ಹೂವು. ನಮ್ಮ ಮನೆಯ ಪದ್ಧತಿ ಇನ್ನೂ ಕಟ್ಟುನಿಟ್ಟು. ಪೂಜೆಗಿಟ್ಟ ಆಯುಧಕ್ಕೆ ಅವತ್ತು ಪೂರ್ತಿ ರಜೆ, ಈಳಿಗೆಮಣೆಗೂ ಸಹ. ಮೈದುನ ಬೂದುಗುಂಬಳ ತರಲು ಜೂಜುವಾಡಿಗೆ ಹೋಗಿದ್ದ. ನಾನು ಈಳಿಗೆ, ಸುತ್ತಿಗೆ, ಮಿಕ್ಸಿ ಎಲ್ಲ ಒರೆಸಿ ಪೆಟ್ಟಿಗೆಯ ಹತ್ತಿರ ಬಂದೆ. ಹಗಲಿರುಳು ದುಡಿಯುವ ಜೀವ! ಇದಕ್ಕೊಂದು ದಿನ ಬಿಡುವು ಬೇಡವೇ? ಸ್ವಿಚ್ ಆರಿಸಿ, ಅರಿಶಿನ ಕುಂಕುಮವಿಟ್ಟು, ಸೇವಂತಿಗೆ ಏರಿಸಿ, ಕೈಮುಗಿದು ಒಬ್ಬಟ್ಟು ತಟ್ಟಲು ಹೋದೆ.

ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡಿದ್ದ ಮೈದುನ ಫೋನ್ ನೋಡಿದರೆ ಸರ್ವರ್ ನಿಂತಿತ್ತಂತೆ. ಮನೆಗೆ ಬಂದಾಗ ಅವನ ಮುಖ ಕಂಕುಳಲ್ಲಿದ್ದ ಬೂದುಗುಂಬಳದಷ್ಟೇ ಬಿಳಿ.

"ಅತ್ತಿಗೆ, ಸರ್ವರ್ ಏನಾತು?"

"ರಜ ಕೊಟ್ಟಿದ್ದೀನಪ್ಪಾ."

ಅವನು ಬೈದಿದ್ದರೆ ವಾಸಿಯಿತ್ತು. ಕುಂಬಳಕಾಯಿ ಹಿಡಿದುಕೊಂಡೇ ನೆಲಕ್ಕೆ ಕೂತ. "ಕಂಪನಿಯೋರು ಮೂರು ಜನ ಅವ್ರವ್ರ ಮನೇಲಿ ಕೂತು ನಾಳೆ ಕಳ್ಸೋ ರಿಪೋರ್ಟ್ ಬರೀತಾವ್ರೆ. ಮೂರೂ ಜನ ಬರ್ದಿದ್ದೆಲ್ಲ ಕಲಸ್ಕೊಂಡಿರ್ತದೆ." ನನ್ನ ಕಣ್ಣ ಮುಂದೆ ಶ್ರೀಉರಾಪ್ಪಿಮಟ್ಟು ಕುಣಿಯಿತು. ತಾಯೀ ಚಾಮುಂಡಿ, ನಿನ್ನ ಪೂಜೆ ಮಾಡಲು ಹೋಗಿ ಹುಡುಗನ ಅನ್ನಕ್ಕೆ ಕಲ್ಲು ಹಾಕಿದೆನಲ್ಲ!

ಕುಂಬಳಕಾಯಿ ಹಿಡಿದುಕೊಂಡೇ ಎದ್ದು ಸ್ವಿಚ್ ಒತ್ತಿದ. ಹಸಿರು ದೀಪ ಕುಂಕುಮದ ನಡುವಿನಿಂದ ಕಣ್ಣು ಬಿಟ್ಟಿತು. ಅವನು ಫೋನಿನಲ್ಲಿ ಕಂಪನಿಯವರ ಹಾಳೆ ತೆರೆದ, ನಾನೂ ಇಣುಕಿದೆ. ಅಲ್ಲೊಂದು ಸಾಲು ಬಂತು, ಇಲ್ಲೊಂದು ಬಂತು. ಬಾಗಿಲು ಮುಚ್ಚಿದ್ದಾಗ ಹೊರಗೆ ಅವರವರ ಕಂಪ್ಯೂಟರಿನಲ್ಲೇ ಕಾಯುತ್ತಿದ್ದ ಮಾತೆಲ್ಲ ಒಂದೊಂದಾಗಿ ಒಳಗೆ ಬಂದು ತನ್ನ ತನ್ನ ಜಾಗದಲ್ಲಿ ಕೂತುಕೊಂಡಿತು. ಒಂದಕ್ಷರವೂ ಕಲಸಿರಲಿಲ್ಲ!

"ಎಲ್ರು ಬರ್ದಿದ್ದೂ ಕಲಸ್ದಂಗೆ ಕೂಡ್ಸೋ ಹೊಸಾ ಲೆಕ್ಕ ಬರ್ದಿದ್ದೆ ಅತ್ತಿಗೆ. ಪ್ಲಗ್ ಕಿತ್ತು ನೋಡೋಕೆ ನಂಗೇ ಧೈರ್ಯ ಇರ್ನಿಲ್ಲ."

ಅಷ್ಟರಲ್ಲಿ ಕಂಪನಿಯ ಮ್ಯಾನೇಜರ್ ಫೋನು. "ತಂಬೀ, ರೊಂಬ ನಲ್ಲಾ ಇರುಕ್ಕು!" ಚೆನ್ನಾಗಿದೆಯಂತೆ! ನಿಂತದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.

ಅವನು ಮನೆ ಹಾಳೆಯನ್ನೂ ತೆರೆದ. ನಾವು ಪರದಾಡುತ್ತಿದ್ದಾಗ ಅತ್ತೆ ತಮ್ಮ ಕೋಣೆಯಲ್ಲಿ ಕೂತು ಬರೆದಿದ್ದ ಸಾಲು ಆಗ ತಾನೇ ಬಂದಿತ್ತು:

"ಅವಳನ್ನ ಬೈಬೇಡ ಕಣ್ಲಾ. ಆರ್ಸು ಅಂತ ನಾನೇ ಹೇಳಿದ್ದು."

ದನಿಯೇ ಇಲ್ಲದ ನಮ್ಮತ್ತೆ ಹೇಳಿದರಂತೆ!

ನಾನು ನಗಲು ಹೋದೆ, ಆಗಲಿಲ್ಲ. ಆಪರೇಷನ್ ಆದಾಗಿನಿಂದ ಅತ್ತೆ ಸ್ಲೇಟಿನ ಮೇಲೆ ಬರೆದು ತೋರಿಸುವಷ್ಟರಲ್ಲಿ ನಮ್ಮ ಮಾತು ಬೇರೆಲ್ಲೋ ಹೋಗಿರುತ್ತಿತ್ತು. ಅವರು ಸುಮ್ಮನೆ ಒರೆಸಿಬಿಡುತ್ತಿದ್ದರು. ಅದನ್ನು ನಾನು ನೋಡಿದ್ದೆ. ಮೈದುನನೂ ನೋಡಿದ್ದನೆಂದು ಆವತ್ತೇ ತಿಳಿದದ್ದು. ಅವನು ಕುಂಬಳಕಾಯಿ ಕೆಳಗಿಟ್ಟು, ಕಣ್ಣೊರೆಸಿಕೊಂಡು, ಹಾಳೆಯಲ್ಲಿ ಬರೆದ: "ಅಮ್ಮಾ, ಇದ್ದೀಯಾ?"

ಪಕ್ಕದ ಕೋಣೆಯಿಂದ ಒಂದೊಂದೇ ಅಕ್ಷರ ನಿಧಾನವಾಗಿ ಬರತೊಡಗಿತು. ಪೂರ್ತಿ ಬರುವವರೆಗೂ ನಾವು ಯಾರೂ ಮಾತಾಡಲಿಲ್ಲ.