ಹಳಿ ಬಾಗಿಸಿದ ಅಜ್ಜಿ

ಪುರಸಭೆಯ ವಸ್ತುಪ್ರದರ್ಶನದಲ್ಲಿ ಇತಿಹಾಸವಿಲ್ಲದ ವಸ್ತುಗಳಿಗೆ ಪ್ರವೇಶವಿರುವುದಿಲ್ಲ. ಹೀಗಾಗಿ ವಾಚ್ ರಿಪೇರಿಯವರು ಹಲಗೆಯ ಮೇಲೆ ಕಟ್ಟಿದ್ದ ಆಟಿಕೆ ರೈಲುಮಾರ್ಗಕ್ಕೂ ಒಂದು ಇತಿಹಾಸ ಬೇಕಾಯಿತು. ಹಲಗೆ ಬಾಗಿಲಲ್ಲಿ ತೂರದ ಕಾರಣ, ಅದಿದ್ದ ಅವರ ಮನೆಯ ಹಿಂದಿನ ಕೋಣೆಯನ್ನೇ ಪ್ರದರ್ಶನದ ಶಾಖೆಯೆಂದು ಮೊದಲೇ ಘೋಷಿಸಲಾಗಿತ್ತು.

ರೈಲೇನೋ ಚೆನ್ನಾಗಿ ಓಡುತ್ತಿತ್ತು. ಆದರೆ ನಡುವೆ ಒಂದೆಡೆ ಹಳಿ ಹೇಳಿಕೊಳ್ಳುವಂಥ ಕಾರಣವಿಲ್ಲದೆ ಸೊಟ್ಟಗೆ ತಿರುಗುತ್ತಿತ್ತು. ಅಲ್ಲಿ ಕೋಣೆಯ ಗೋಡೆ ಅಡ್ಡ ಬಂದಿತ್ತು, ಅಷ್ಟೇ.

"ಗೋಡೆ ಅಡ್ಡ ಬಂತು ಅಂದ್ರೆ ಅದು ಇತಿಹಾಸ ಆಗುತ್ತೇನ್ರೀ?" ಎಂದರು ಹೆಂಡತಿ, ಈರುಳ್ಳಿ ಸುಲಿಯುತ್ತಾ. "ಯಾರೋ ಹಟ ಹಿಡಿದಿರಬೇಕು."

ಈರುಳ್ಳಿ ಮುಗಿಯುವಷ್ಟರಲ್ಲಿ ಒಬ್ಬ ಅಜ್ಜಿ ಹುಟ್ಟಿದಳು. ಒಂಟಿ ಹೆಂಗಸು, ಒಂಟಿ ಕೋಣೆಯ ಮನೆ. ರೈಲಿನವರು ಜಾಗ ಕೇಳಲು ಬಂದಾಗ ಹೊಸ್ತಿಲ ಮೇಲೆ ಕೂತು, "ನನ್ನ ಮನೆಯೊಳಗೆ ಹಾದುಹೋಗೋದಾದ್ರೆ ನಿಮ್ಮ ರೈಲು ಚಪ್ಪಲಿ ಬಿಟ್ಟು ಬರಲಿ" ಎಂದಳು. ರೈಲಿಗೆ ಚಪ್ಪಲಿ ಇರಲಿಲ್ಲ. ಸುತ್ತಿ ಬಳಸಿ ಹೋಯಿತು.

ಹೆಂಡತಿ ಬೆಂಕಿಪೊಟ್ಟಣದಲ್ಲಿ ಅಜ್ಜಿಗೊಂದು ಮನೆ ಮಾಡಿ, ತಮ್ಮ ಹಳೇ ಸೀರೆಯ ಚೂರನ್ನು ಪರದೆಯಾಗಿ ಇಳಿಬಿಟ್ಟರು. ಜನ ಸಾಲುಗಟ್ಟಿ ಬಂದು ನೋಡಿ ಕಣ್ಣೊರೆಸಿಕೊಂಡರು. ಪುರಸಭೆಯ ಅಧ್ಯಕ್ಷರು ಅಜ್ಜಿಯ ದಿಟ್ಟತನವನ್ನು ಕೊಂಡಾಡಿದರು. ಅದೇ ವಾರ ಅವಳನ್ನು ಎತ್ತಂಗಡಿ ಮಾಡಲು ಆದೇಶವಾಯಿತು.

"ಒಬ್ಬ ವ್ಯಕ್ತಿಗಾಗಿ ಅಭಿವೃದ್ಧಿ ಬಾಗತಕ್ಕದ್ದಲ್ಲ" ಎಂದು ಮನೆಗೆ ಬಂದ ಅಧಿಕಾರಿ ಓದಿ ಹೇಳಿದರು. ಹಳಿ ನೇರಮಾಡುವ ಗುತ್ತಿಗೆ ಅಧ್ಯಕ್ಷರ ಭಾವಮೈದುನರಿಗೆ ಸಿಕ್ಕಿತ್ತು. ಈ ಗುತ್ತಿಗೆದಾರರಿಗೆ ಅನುಭವವಿತ್ತು, ಹಿಂದೊಮ್ಮೆ ನೇರವಾಗಿದ್ದ ರಸ್ತೆಯೊಂದನ್ನು ತಮ್ಮ ಮನೆಯ ಕಡೆಗೆ ಬಾಗಿಸಿದ್ದರು.

"ಸಾರ್, ಅಂಥ ಅಜ್ಜಿ ಯಾರೂ ಇಲ್ಲ. ನಾವೇ ಹುಟ್ಟಿಸಿದ್ದು" ಎಂದರು ವಾಚ್ ರಿಪೇರಿಯವರು.

"ಹುಟ್ಟಿಸಿದ್ದು ನೀವಾ?"

"ಹೌದು ಸಾರ್. ನಾನೂ ಇವಳೂ ಸೇರಿ."

"ಅಬ್ಬ, ತಂದೆತಾಯಿ ಇಬ್ಬರೂ ಇದ್ದೀರಿ. ಕೆಲಸ ಹಗುರಾಯ್ತು. ಮಗಳ ಪರವಾಗಿ ಒಪ್ಪಿಗೆ ಕೊಟ್ಬಿಡಿ."

"ಅವಳಿಗೆ ಎಂಬತ್ತು ದಾಟಿದೆ ಸಾರ್. ನನಗಿನ್ನೂ ಅರವತ್ತಾಗಿಲ್ಲ."

"ಬೆಳೆದ ಮಕ್ಕಳು ಮಾತು ಕೇಳಲ್ಲ ಅಂತೀರಿ" ಎಂದು ಅಧಿಕಾರಿ ನಿಟ್ಟುಸಿರಿಟ್ಟರು. "ನಮ್ಮನೇಲೂ ಅದೇ ಗೋಳು."

"ಹಳಿ ನೇರ ಆಗ್ಬೇಕಾದ್ರೆ ನಮ್ಮ ಗೋಡೆ ಒಡೀಬೇಕಲ್ಲ ಸಾರ್!"

"ಗೋಡೆಗೆ ಇತಿಹಾಸ ಇದೆಯಾ?"

"ಇಲ್ಲ ಸಾರ್. ಗೋಡೆ ಇದೆ."

ಇತಿಹಾಸವಿಲ್ಲದ್ದನ್ನು ಒಡೆಯಲು ಅನುಮತಿ ಬೇಕಿರಲಿಲ್ಲ.

ಅಷ್ಟರಲ್ಲಿ ಹೆಂಡತಿ ಹಲಗೆಗೆ ಅಡ್ಡ ನಿಂತರು. "ನನ್ನ ಮಗಳು ಅಲ್ಲಿಂದ ಏಳಲ್ಲ. ಏಳಿಸಿ ನೋಡೋಣ!" ಹೇಳಿದ ಮೇಲೆ ಅವರಿಗೇ ನಾಚಿಕೆಯಾಯಿತು, ಆದರೆ ಕಣ್ಣೀರು ನಿಲ್ಲಲಿಲ್ಲ. ಗಂಡ ಅವರ ಹೆಗಲ ಮೇಲೆ ಕೈಯಿಟ್ಟು ನಿಂತರು. ಅಧಿಕಾರಿ ಮರುಗಿ, ಅಜ್ಜಿಗೆ ಮಾರುಕಟ್ಟೆಯ ಹಿಂದೆ ಎರಡಂತಸ್ತಿನ ಬದಲಿ ಮನೆ ಮಂಜೂರು ಮಾಡಿಸಿದರು. ಅವಳು ಬರುವ ತನಕ ಧೂಳು ಕೂರದಿರಲೆಂದು ಗುತ್ತಿಗೆದಾರರು ಸಂಸಾರ ಸಮೇತ ಅಲ್ಲಿ ವಾಸವಾದರು.

ಪೊಲೀಸ್ ಬಂದೋಬಸ್ತಿನಲ್ಲಿ ಬೆಂಕಿಪೊಟ್ಟಣವನ್ನು ತೆರವುಗೊಳಿಸಲಾಯಿತು. ಅದನ್ನು ಎತ್ತಲು ನಾಲ್ವರು ಬಂದಿದ್ದರು, ನಾಲ್ವರಿಗೂ ಕೂಲಿ ಬರೆಯಲಾಯಿತು. ಹೆಂಡತಿ ಪೊಟ್ಟಣವನ್ನು ಕಿತ್ತುಕೊಂಡು, ಸೆರಗಿನಲ್ಲಿ ಮುಚ್ಚಿ ಒಳಗೆ ಹೋದರು. ಆಮೇಲೆ ಗೋಡೆ ಬಿತ್ತು.

ಗೋಡೆಯಾಚೆ ಪಕ್ಕದ ಮನೆಯ ಅಡುಗೆಮನೆ. ರೈಲು ನೇರವಾಗಿ ಒಲೆಯ ಪಕ್ಕದಲ್ಲಿ ಹಾದುಹೋಗತೊಡಗಿತು. ಆ ಮನೆಯಾಕೆ ಕೆಲವು ದಿನ ಸೌಟು ಹಿಡಿದು ನೋಡಿದರು. ಕೊನೆಗೆ ತಡೆಯಲಾರದೆ ಪುರಸಭೆಗೇ ಹೋದರು.

"ದಿನಾ ನಮ್ಮ ಮನೆಯೊಳಗೇ ಓಡುತ್ತೆ, ಒಂದು ದಿನವಾದ್ರೂ ನಿಲ್ಲುತ್ತಾ? ನಾವೇನು ಮನುಷ್ಯರಲ್ವಾ?"

ಬೇಡಿಕೆ ನ್ಯಾಯವಾದದ್ದೆಂದು ಸಭೆ ಒಮ್ಮತದಿಂದ ಒಪ್ಪಿತು. ಈಗ ರೈಲು ಅಲ್ಲಿ ನಿಲ್ಲುತ್ತದೆ. ಹಾಲು ಕಾಯುವ ಹೊತ್ತಿನಲ್ಲಿ ಮಾತ್ರ ಹೊರಡುವುದು ತುಸು ತಡವಾಗುತ್ತದೆ. ಪ್ರಯಾಣಿಕರಿಂದ ಈವರೆಗೆ ಯಾವ ದೂರೂ ಬಂದಿಲ್ಲ.