ಗರಗಸದ ಪಟ್ಟಿ, ರೊಟ್ಟಿಯ ಮೇಜು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಔರಾದ ತಾಲ್ಲೂಕಿನ ಹೈಸ್ಕೂಲುಗಳಲ್ಲಿ ಮೂವತ್ತೊಂದು ವರ್ಷ ಗಣಿತ ಹೇಳಿದವನು ನಾನು. ಸಮಾಂತರ ರೇಖೆ ಎಂದರೇನು ಎಂದು ನಿದ್ದೆಗಣ್ಣಿನಲ್ಲಿ ಕೇಳಿದರೂ ವ್ಯಾಖ್ಯೆ ಸಮೇತ ಒಪ್ಪಿಸುತ್ತೇನೆ. ಆದರೆ ನಿವೃತ್ತಿಯಾದ ಮೇಲೆ, ನೌಬಾದದ ನನ್ನದೇ ಮನೆಯ ಹಿತ್ತಲ ಶೆಡ್ಡಿನಲ್ಲಿ, ಒಂದು ಗರಗಸಕ್ಕೆ ಒಂದು ಪಟ್ಟಿಯನ್ನು ಸಮಾಂತರವಾಗಿ ನಿಲ್ಲಿಸಲು ನನಗೆ ಹದಿನೆಂಟು ದಿನ ಹಿಡಿಯಿತು. ಇದೇ ಕೆಲಸವನ್ನು ಎರಡು ನಿಮಿಷದಲ್ಲಿ ಮಾಡಿ ತೋರಿಸು ಎಂದು ಹುಡುಗರನ್ನು ಬೋರ್ಡಿಗೆ ಕರೆಯುತ್ತಿದ್ದೆ, ತಡವಾದರೆ ಬೈಯುತ್ತಲೂ ಇದ್ದೆ. ಈಗ ನೆನೆಸಿಕೊಂಡರೆ ನನ್ನ ಕಿವಿಯೇ ಬಿಸಿಯಾಗುತ್ತದೆ.

ಇದಕ್ಕೆಲ್ಲ ಕಾರಣ ನನ್ನ ಹೆಂಡತಿಯ ಮೊಣಕಾಲು. ಶಕುಂತಲಾ ಭಾಲ್ಕಿ ಕಡೆಯ ಸಾಯಗಾಂವದವಳು. ನೆಲದ ಮೇಲೆ ಕೂತು, ಒಂದು ಕಾಲು ಮಡಚಿ ಒಂದು ಕಾಲು ಚಾಚಿ ಜೋಳದ ರೊಟ್ಟಿ ಬಡಿಯುವುದು ಅವಳಿಗೆ ಲಂಗ ಹಾಕುತ್ತಿದ್ದ ದಿನಗಳಿಂದ ಬಂದ ಅಭ್ಯಾಸ. ಈ ವರ್ಷ ಡಾಕ್ಟರು, “ಅಮ್ಮಾರೆ, ಇನ್ನ ನೆಲಕ್ಕ ಕೂಡಂಗಿಲ್ರಿ” ಎಂದುಬಿಟ್ಟರು. ಅಡುಗೆ ಕಟ್ಟೆಯ ಮೇಲೆ ಬಡಿದು ನೋಡಿದಳು. ಕಟ್ಟೆ ಎತ್ತರ, ಇವಳು ಗಿಡ್ಡ. ಮೂರನೆಯ ದಿನಕ್ಕೆ ಹೆಗಲು ಹಿಡಿದುಕೊಂಡಿತು. ಆಮೇಲೆ ಅಂಗಡಿಯ ರೊಟ್ಟಿ ಬಂತು. ಕೆಟ್ಟದ್ದೇನಲ್ಲ, ತೆಳ್ಳಗೆ ದುಂಡಗೆ ಇರುತ್ತಿತ್ತು. ಶಕುಂತಲಾ ಮಾತ್ರ ಅರ್ಧ ತಿಂದು ತಟ್ಟೆ ಸರಿಸುತ್ತಿದ್ದಳು. “ಹಸಿವಿಲ್ಲೇನು?” ಎಂದರೆ, “ಮಂದಿ ಕೈದು ಎಷ್ಟು ದಿನ ಉಣ್ಣಬೇಕ್ರಿ” ಎನ್ನುತ್ತಿದ್ದಳು. ಬೆಳಿಗ್ಗೆ ಏಳೂವರೆಗೆ ಅಡುಗೆಮನೆಯಿಂದ ಬರುತ್ತಿದ್ದ ಆ ಟಪಟಪ ಸದ್ದು ನಿಂತುಹೋಯಿತು. ಮದುವೆಯಾದಂದಿನಿಂದ ನಾನು ಆ ಸದ್ದು ಕೇಳುತ್ತಲೇ ಗಡ್ಡ ಕೆರೆದುಕೊಂಡವನು. ಅದು ನಿಂತ ಮೇಲೆ ದಿನವೂ ಗದ್ದದ ಮೇಲೆ ಒಂದೊಂದು ಗಾಯ. ನನಗೆ ಮನೆಯೇ ಬೇಸರವಾಗತೊಡಗಿತು.

“ನಿನ್ನ ಎತ್ತರಕ್ಕ ಸರಿಯಾಗಿ ಒಂದು ಮೇಜು ಮಾಡಿಕೊಡ್ತೇನಿ. ನಿಂತು ಬಡಿ. ಎಷ್ಟು ಬಡದ್ರೂ ಅಲ್ಲಾಡಂಗಿಲ್ಲ” ಎಂದೆ. “ನೀವ?” ಎಂದಳು. ಅಷ್ಟೇ. ಆ ಒಂದು ಮಾತಿನಲ್ಲಿ, ಹಿಂದೆ ನಾನು ಮಾಡಿಕೊಟ್ಟ ದೇವರ ಮಂಟಪ ಗೌರಿಹುಣ್ಣಿಮೆಯ ದಿನ ದೇವರ ಸಮೇತ ಕೆಳಗಿಳಿದದ್ದೂ ಸೇರಿತ್ತು.

ಬಡಿಗರಿಗೆ ಹೇಳಿ ಮಾಡಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹಾಗೆ ಕೇಳುವವರ ಮನೆಯಲ್ಲಿ ಟೇಬಲ್ ಸಾ ಎಂಬ ಗರಗಸದ ಯಂತ್ರ ಇರುವುದಿಲ್ಲ. ನಿವೃತ್ತಿಯ ಹೊಸತರಲ್ಲಿ ಎಲ್ಲರೂ ನನಗೆ ಶಾಲು ಹೊದಿಸಿ ಗೋಡೆ ಗಡಿಯಾರ ಕೊಟ್ಟರು. ಮನೆಯಲ್ಲಿ ಐದು ಗಡಿಯಾರ, ಹೊತ್ತು ಮಾತ್ರ ಹೋಗಲೊಲ್ಲದು. ಆಗ ಹತ್ತಿರದ ಕೊಳಾರದ ಕಾರ್ಖಾನೆ ಸಾಲಿನಲ್ಲಿ ಮುಚ್ಚಿದ ಒಂದು ಶೆಡ್ಡಿನಿಂದ ಈ ಹಳೆಯ ಯಂತ್ರ ತಂದಿಟ್ಟಿದ್ದೆ. ಕಬ್ಬಿಣದ ಮೇಜು, ನಡುವಿನ ಸೀಳಿನಿಂದ ಅರ್ಧ ತಲೆ ಎತ್ತಿದ ದುಂಡು ಗರಗಸ, ಪಕ್ಕದಲ್ಲಿ ಉದ್ದಕ್ಕೆ ಒಂದು ಪಟ್ಟಿ. ಹಲಗೆಯನ್ನು ಆ ಪಟ್ಟಿಗೆ ಒತ್ತಿ ಹಿಡಿದು ಮುಂದಕ್ಕೆ ತಳ್ಳಿದರೆ ನೇರವಾಗಿ ಸೀಳಬೇಕು. ಪಟ್ಟಿಗೆ ಫೆನ್ಸ್ ಎನ್ನುತ್ತಾರೆ. ನನ್ನ ಫೆನ್ಸ್ ನನ್ನ ಕಡೆಯ ತುದಿಯಲ್ಲಿ ಮಾತ್ರ ಬಿಗಿಯಾಗುತ್ತಿತ್ತು. ಹಲಗೆ ತಗುಲಿದ ಕೂಡಲೇ ಆಚೆಯ ತುದಿ ಮೆಲ್ಲಗೆ ಜಾರಿಕೊಳ್ಳುತ್ತಿತ್ತು, ಪ್ರಶ್ನೆ ಕೇಳಿದಾಗ ಹಿಂದಿನ ಬೆಂಚಿನವರು ಜಾರುವ ಹಾಗೆ. ಹಲಗೆಗಳೆಲ್ಲ ಒಂದು ತುದಿಗೆ ನಾಲ್ಕು ಇಂಚು, ಇನ್ನೊಂದು ತುದಿಗೆ ನಾಲ್ಕೂಕಾಲು. ಅಂಥವು ಆರು ಕೂಡಿದವು. “ಇವು ಯಾವ ಕೆಲಸಕ್ಕ ಬರ್ತಾವ್ರಿ?” ಎಂದಳು ಶಕುಂತಲಾ. “ಯಾವುದಕ್ಕೂ ಬರಂಗಿಲ್ಲ” ಎಂದು ಸಿಡುಕಿ ಗೋಡೆಗೆ ಒರಗಿಸಿದೆ.

ಹೊಸ ಫೆನ್ಸ್ ನಾನೇ ಮಾಡಿದೆ. ಕಿಟಕಿ ಚೌಕಟ್ಟು ಮಾಡುವವರ ಅಂಗಡಿಯಿಂದ ದಪ್ಪನೆಯ ಅಲ್ಯುಮಿನಿಯಂ ಚೌಕ ಪೈಪು ಮೂರಡಿ ತಂದು, ಎರಡೂ ತುದಿಗೆ ಬೋಲ್ಟು ಹಾಕಿ, ಎರಡೂ ಕಡೆ ಬಿಗಿಯುವಂತೆ ಮಾಡಿದೆ. ಇನ್ನು ಅದು ಜಾರುವ ಮಾತೇ ಇಲ್ಲ. ಸ್ಟೀಲ್ ಸ್ಕೇಲು ಹಿಡಿದು ಗರಗಸದ ಮುಂದಿನ ಹಲ್ಲಿನಿಂದ ಪಟ್ಟಿಗೆ ಅಳೆದೆ, ನಾಲ್ಕು ಇಂಚು. ಹಿಂದಿನ ಹಲ್ಲಿನಿಂದ ಅಳೆದೆ, ನಾಲ್ಕು ಇಂಚು. ಸಮಾಂತರ, ಸಾಧಿಸಿದ್ದಾಯಿತು. ಸಾಕ್ಷಿಗೆಂದು ಶಕುಂತಲಾಳನ್ನು ಕರೆದು ನಿಲ್ಲಿಸಿ, ಸ್ವಿಚ್ಚು ಹಾಕಿ ಹಲಗೆ ತಳ್ಳಿದೆ. ಗರಗಸ ನರಳಿತು, ಹಲಗೆ ಸಿಕ್ಕಿಕೊಂಡಿತು, ಹೊಗೆ ಎದ್ದಿತು. ಬಂದ್ ಮಾಡಿ ತೆಗೆದು ನೋಡಿದರೆ ಅಂಚೆಲ್ಲ ಕರ್ರಗೆ. ಅವಳು ಮೂಗಿಗೆ ಸೆರಗು ಹಿಡಿದು, “ಎರಡು ತಿಂಗಳ ಮ್ಯಾಲ ಮನ್ಯಾಗ ಏನರೆ ಸೀದ ವಾಸನಿ ಬಂತು ನೋಡ್ರಿ” ಎಂದಳು. ನಗಿಸಲೆಂದೇ ಹೇಳಿದ್ದು, ಆದರೆ ಇಬ್ಬರಿಗೂ ನಗು ಬರಲಿಲ್ಲ.

ಹದಿನೇಳು ದಿನ ನಾನು ಆ ಪಟ್ಟಿಯನ್ನು ಬಿಚ್ಚಿದೆ, ಕಟ್ಟಿದೆ, ಬೈದೆ. ಕೊನೆಗೆ ಸೋತು, ಪಟ್ಟಿಯನ್ನೇ ಹಳೆಯ ಟವೆಲಿನಲ್ಲಿ ಸುತ್ತಿಕೊಂಡು ಭಾಲ್ಕಿ ಬಸ್ಸು ಹತ್ತಿದೆ. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿ ವೈಜಿನಾಥನ ಫರ್ನಿಚರ್ ಕೆಲಸದ ಮನೆ ಇದೆ. ಈಗ ಅವನಿಗೂ ಕಿವಿಯ ಹತ್ತಿರ ಕೂದಲು ನೆರೆತಿದೆ. ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ. “ಭಾಳ ಛಂದ ಮಾಡೀರಿ ಸರ್. ಖರೆ, ಮಷಿನ್ ಮನ್ಯಾಗ ಬಿಟ್ಟು ಬರೇ ಪಟ್ಟಿ ತಂದ್ರ ನಾ ಏನ್ ನೋಡ್ಲಿರಿ?” ನನಗೂ ಆಗಲೇ ಹೊಳೆದದ್ದು. “ಅಳತಿ ಹ್ಯಾಂಗ ತಗೊಂಡ್ರಿ?” ಎಂದ. ಹೇಳಿದೆ. ಅವನು ತನ್ನ ಯಂತ್ರದ ಪ್ಲಗ್ ಕಿತ್ತು, ಅಮಾವಾಸ್ಯೆ ಪೂಜೆಗೆ ಅದರ ಮೈಗೆ ಹಚ್ಚಿದ್ದ ಕುಂಕುಮವನ್ನು ಬೆರಳಿಗೆ ಒತ್ತಿಕೊಂಡು ಗರಗಸದ ಒಂದೇ ಒಂದು ಹಲ್ಲಿಗೆ ಬೊಟ್ಟಿಟ್ಟ.

“ಹಲ್ಲು ಒಂದು ಎಡಕ್ಕ ಇರ್ತದ, ಒಂದು ಬಲಕ್ಕ ಇರ್ತದ ಸರ್. ಮುಂದ ಒಂದರಿಂದ, ಹಿಂದ ಮತ್ತೊಂದರಿಂದ ಅಳದ್ರ ಹ್ಯಾಂಗ ಕೂಡಬೇಕು? ಈ ಬೊಟ್ಟಿನ ಹಲ್ಲಿಂದ ಮುಂದ ಅಳೀರಿ. ಇದನ್ನ ಹಿಂದಕ್ಕ ತಿರುವಿ, ಮತ್ತ ಇದರಿಂದಾನೇ ಅಳೀರಿ.” ಆಮೇಲೆ ದನಿ ತಗ್ಗಿಸಿ, “ನೀವೇ ಹೇಳಿದ್ದಿರಿ ಅಲ್ರಿ. ಎಲ್ಲಿಂದ ಅಳೀಲಾಕ ಶುರು ಮಾಡ್ದಿ, ಅದನ್ನ ಬದಲಿ ಮಾಡಬ್ಯಾಡ ಅಂತ. ಬೆಂಚಿನ ಮ್ಯಾಲ ನಿಂದ್ರಿಸಿದ್ರಿ ನನ್ನ” ಎಂದ.

ನೆನಪಾಯಿತು. ಅವನ ಸ್ಕೇಲಿನ ತುದಿ ಮುರಿದಿತ್ತು. ಒಂದು ಕಡೆ ಎರಡರಿಂದ ಅಳೆದಿದ್ದ, ಇನ್ನೊಂದು ಕಡೆ ಮೂರರಿಂದ. ಪೂರ್ತಿ ಒಂದು ಪಿರಿಯಡ್ ನಿಲ್ಲಿಸಿದ್ದೆ. “ಅವತ್ತ ನಿನಗ ಒಂದು ಹೊಸ ಸ್ಕೇಲ್ ಕೊಡಿಸಬೇಕಿತ್ತು ನಾ” ಎಂದೆ. “ಇರ್ಲಿ ಬಿಡ್ರಿ ಸರ್. ಚಾ ಕುಡೀರಿ” ಎಂದ. ಚಹಾ ಬಹಳ ಸಿಹಿಯಾಗಿತ್ತು. ನನಗೆ ಸಕ್ಕರೆ ಕಾಯಿಲೆ ಇದೆ ಎಂದು ಹೇಳುವ ಮನಸ್ಸಾಗಲಿಲ್ಲ, ಪೂರ್ತಿ ಕುಡಿದೆ.

ಮನೆಗೆ ಬಂದವನೇ ದೇವರ ಮುಂದಿನ ಕುಂಕುಮ ತಂದು ನನ್ನ ಗರಗಸಕ್ಕೂ ಬೊಟ್ಟಿಟ್ಟೆ. ಪಟ್ಟಿ ಕೂತಿತು. ಹಲಗೆ ಎಲ್ಲೂ ಸಿಕ್ಕಿಕೊಳ್ಳದೆ ಸೀಳಿತು, ಅಂಚು ಬೆಳ್ಳಗೆ ಬಂತು. ಪಡಸಾಲೆಯಲ್ಲಿ ಶಕುಂತಲಾಳನ್ನು ನಿಲ್ಲಿಸಿ ನೆಲದಿಂದ ಮೊಣಕೈವರೆಗೆ ಅಳೆದು, ಗೇಣು ಕಳೆದು, ಎತ್ತರ ಗೊತ್ತುಮಾಡಿದೆ. ವಾರದಲ್ಲಿ ಮೇಜು ಮುಗಿಯಿತು. ಮುಷ್ಟಿಯಿಂದ ಗುದ್ದಿದರೂ ಅಲ್ಲಾಡಲಿಲ್ಲ.

ಮರುದಿನ ಬೆಳಿಗ್ಗೆ ತಡೆಯಲಾರದೆ ಆರಕ್ಕೇ ಎದ್ದು ಗಡ್ಡ ಮಾಡಿಕೊಂಡು ಅಡುಗೆಮನೆಯಲ್ಲಿ ನಿಂತೆ. ಅವಳು ಹಿಟ್ಟು ನಾದಿ, ಮೇಜಿನ ಮೇಲೆ ಇಟ್ಟು, ಎರಡು ಏಟು ಬಡಿದು ನಿಲ್ಲಿಸಿದಳು. ಹೆಗಲು ಮೇಲೆ ಹೋಗುತ್ತಿತ್ತು. ಮೇಜು ಒಂದಿಂಚು ಹೆಚ್ಚು ಎತ್ತರ. ನಾನು ಅವಳ ಕಾಲು ನೋಡಿದೆ. ಬರಿಗಾಲು. ಮೊಣಕಾಲಿಗೆಂದು ಡಾಕ್ಟರು ಹೇಳಿದ ದಪ್ಪ ಮೆತ್ತನೆಯ ಚಪ್ಪಲಿಯನ್ನು ಅವಳು ಪಡಸಾಲೆಯಲ್ಲಿ ಹಾಕುತ್ತಾಳೆ, ಅಡುಗೆಮನೆಯ ಹೊಸ್ತಿಲಲ್ಲಿ ಬಿಡುತ್ತಾಳೆ. ನಾನು ಅಳೆದದ್ದು ಚಪ್ಪಲಿಯ ಮೇಲೆ ನಿಂತ ಹೆಂಡತಿಯನ್ನು. ಬೆಂಚಿನ ಮೇಲೆ ನಿಲ್ಲಬೇಕಾದವನು ನಾನೇ.

“ಕಾಲು ಒಂದಿಂಚು ಕೊಯ್ದುಬಿಡ್ತೇನಿ” ಎಂದೆ. “ಬ್ಯಾಡ್ರಿ, ಕೈ ಮುಗೀತೀನಿ. ಈಗ ಅಲ್ಲಾಡಲ್ದಂಗ ನಿಂತದ” ಎಂದು ಹಿತ್ತಲಿಗೆ ಹೋದಳು. ಆ ಸೊಟ್ಟ ಹಲಗೆಗಳಲ್ಲಿ ನಾಲ್ಕನ್ನು ನನ್ನ ಕೈಯಲ್ಲಿ ಹೊರಿಸಿಕೊಂಡು ಬಂದು ಮೇಜಿನ ಮುಂದೆ ಹಾಸಿಸಿದಳು. ಒಂದರ ಅಗಲ ತುದಿಯ ಪಕ್ಕಕ್ಕೆ ಇನ್ನೊಂದರ ಸಣ್ಣ ತುದಿ. ನಾಲ್ಕೂ ಸೇರಿ ಎರಡೂ ಅಂಚು ನೇರ, ಕಣ್ಣಳತೆಯಲ್ಲೇ ಸಮಾಂತರ. ಹಲಗೆ ಒಂದಿಂಚು ದಪ್ಪ. ಅವಳು ಹತ್ತಿ ನಿಂತಳು. ನಾನು ಬಾಯಿ ತೆರೆದು ನೋಡುತ್ತಿದ್ದೆ.

“ಹಂಗ್ಯಾಕ ನೋಡ್ತೀರಿ? ಗಣಿತ ಮಾಸ್ತರ್ ಮನ್ಯಾಗ ಇಷ್ಟ್ ವರ್ಷ ಇದ್ದು ಇಷ್ಟರೆ ಕಲೀಬಾರ್ದೇನ್ರಿ” ಎಂದು ಹಿಟ್ಟಿಗೆ ಕೈ ಹಾಕಿದಳು.

ಟಪಟಪ ಸದ್ದು ಶುರುವಾಯಿತು. ನನಗೆ ಅಲ್ಲಿ ನಿಂತಿರಲು ಆಗಲಿಲ್ಲ, ಕಣ್ಣು ತುಂಬಿ ಬರುತ್ತಿತ್ತು. ಬಚ್ಚಲಿಗೆ ಹೋಗಿ ಕನ್ನಡಿ ಮುಂದೆ ನಿಂತು, ಮುಖಕ್ಕೆ ಸೋಪು ಹಚ್ಚಿ, ಆ ದಿನ ಎರಡನೆಯ ಸಲ ಗಡ್ಡ ಮಾಡಿಕೊಂಡೆ.